ಬಾವಿ ಕೊರೆದ ಮೇಲೆ

ಮಲಾವಿ ದೇಶದಲ್ಲಿ ಏಪ್ರಿಲ್ ಹೊತ್ತಿಗೆ ಮಳೆ ನಿಂತರೆ ಮತ್ತೆ ಹನಿ ಬೀಳುವುದು ನವೆಂಬರಿನಲ್ಲೇ. ನಡುವಿನ ಆರೇಳು ತಿಂಗಳಲ್ಲಿ ಹಳ್ಳದ ಹರಿವು ನಿಂತು ಮಡುವಾಗುತ್ತದೆ, ಮಡು ಕೆಸರಾಗುತ್ತದೆ, ಕೊನೆಗೆ ಮರಳು ಬಗೆದರಷ್ಟೇ ಜಿನುಗುವ ಒರತೆ ಉಳಿಯುತ್ತದೆ. ಅದಕ್ಕೆ ದನಕರುಗಳೂ ಬಾಯಿ ಹಾಕುತ್ತವೆ, ಹೆಂಗಸರೂ ಬೋಗುಣಿ ಹಿಡಿದು ಕಾಯುತ್ತಾರೆ. ಇಂಥ ಊರಿಗೊಂದು ಕೊಳವೆಬಾವಿ, ಅದರ ಮೇಲೊಂದು ಕೈಪಂಪು ಬಂದರೆ ಏನಾಗುತ್ತದೆ ಎಂಬುದನ್ನು ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಹಾರಾ ಮರುಭೂಮಿಯ ತೆಂಕಣ ಆಫ್ರಿಕದಲ್ಲಿ ಇಂದಿಗೂ ಸುಮಾರು 20 ಕೋಟಿ ಜನ ನೀರಿಗಾಗಿ ಕೈಪಂಪನ್ನೇ ನೆಚ್ಚಿದ್ದಾರೆ.

ಬಾವಿ ಕೊರೆದ ದಿನದ ಫೋಟೋಗಳನ್ನು ನಾವೆಲ್ಲ ನೋಡಿದ್ದೇವೆ. ಚಿಮ್ಮುವ ನೀರು, ಕುಣಿಯುವ ಮಕ್ಕಳು, ದಾನಿಯ ಹೆಸರು ಕೆತ್ತಿದ ಫಲಕ. ಅದೇ ಪಂಪು ಐದು ವರ್ಷದ ಮೇಲೆ ಹೇಗಿದೆ ಎಂಬ ಫೋಟೋ ಮಾತ್ರ ಅಪರೂಪ. ಈ ಅಧ್ಯಾಯ ಹೆಚ್ಚಾಗಿ ಆ ಎರಡನೆಯ ಫೋಟೋದ ಕುರಿತದ್ದು.

ಮೊದಲು ನೆಲದಡಿಯ ಮಾತು. ಆಫ್ರಿಕ ಎಂದರೆ ನೀರೇ ಇಲ್ಲದ ಒಣನೆಲ ಎಂಬುದು ಪೂರಾ ನಿಜವಲ್ಲ. ಬ್ರಿಟನ್ನಿನ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಅಲನ್ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು 2012ರಲ್ಲಿ ಇಡೀ ಖಂಡದ ಅಂತರ್ಜಲದ ನಕ್ಷೆ ಪ್ರಕಟಿಸಿದರು. ಅವರ ಅಂದಾಜಿನಂತೆ ಅಲ್ಲಿನ ನೆಲದಡಿ ಇರುವ ನೀರು ಸುಮಾರು 6.6 ಲಕ್ಷ ಘನ ಕಿಲೋಮೀಟರು. ವರ್ಷವರ್ಷ ಹೊಸದಾಗಿ ಒದಗುವ ಸಿಹಿನೀರಿನ ನೂರು ಪಟ್ಟಿಗೂ ಇದು ಹೆಚ್ಚು. ಆದರೆ ಅದರ ದೊಡ್ಡ ಪಾಲು ಲಿಬಿಯಾ, ಅಲ್ಜೀರಿಯಾ, ಈಜಿಪ್ಟಿನ ಕಡೆ, ಜನರೇ ಇಲ್ಲದ ಮರಳುಗಾಡಿನ ಅಡಿಯಲ್ಲಿ ಕೂತಿದೆ. ಜನ ದಟ್ಟವಾಗಿರುವ ಮಲಾವಿ, ಉಗಾಂಡಾ, ಜಿಂಬಾಬ್ವೆಗಳ ಬಹುಭಾಗದಲ್ಲಿ ಕಾಲಡಿ ಇರುವುದು ಗಟ್ಟಿ ನೈಸ್ ಮತ್ತು ಗ್ರಾನೈಟ್. ನಮ್ಮ ಕೋಲಾರ, ತುಮಕೂರು, ಚಿತ್ರದುರ್ಗಗಳ ಅಡಿಯಲ್ಲಿರುವುದೂ ಇದೇ ಬಗೆಯ ಪುರಾತನ ಶಿಲೆ. ಗೊಂಡ್ವಾನಾ ಎಂಬ ಹಳೆಯ ಭೂಖಂಡ ಒಡೆಯುವ ಮೊದಲು ಈ ನೆಲಗಳೆಲ್ಲ ಒಂದೇ ಮೈಗೆ ಸೇರಿದ್ದವು.

ಇಂಥ ಬಂಡೆಯೊಳಗೆ ನೀರಿನ ಕೆರೆಯೂ ಇರುವುದಿಲ್ಲ, ಹೊಳೆಯೂ ಇರುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಒಂದಿಷ್ಟು ತೇವ, ಕೆಳಗಿನ ಬಿರುಕುಗಳಲ್ಲಿ ಒಂದಿಷ್ಟು ನೀರು, ಅಷ್ಟೆ. ಎಷ್ಟೋ ಕಡೆ ಸೆಕೆಂಡಿಗೆ ಕಾಲು ಲೀಟರ್ ಸಿಕ್ಕರೆ ಪುಣ್ಯ. ಮೋಟಾರಿಟ್ಟು ತೋಟಕ್ಕೆ ಹಾಯಿಸಲು ಇದು ಏನೇನೂ ಸಾಲದು. ಕೈಪಂಪಿಗೆ ಧಾರಾಳ ಸಾಕು. ಮೈಬಗ್ಗಿಸಿ ಎತ್ತಿದ ನೀರನ್ನು ಯಾರೂ ಗದ್ದೆಗೆ ಬಿಡುವುದಿಲ್ಲವಾದ್ದರಿಂದ ಕೈಪಂಪಿನಿಂದ ಅಂತರ್ಜಲ ಬರಿದಾಗುವ ಭಯವೂ ಕಡಿಮೆ. ಇದೇ ಕಲ್ಲಿಗೆ ಸಾವಿರ ಅಡಿ ಕೊರೆದು ನಾವು ಏನು ಸಾಧಿಸಿದೆವು ಎಂಬುದು ಕೋಲಾರದ ರೈತರಿಗೆ ಗೊತ್ತಿದೆ.

ಕೊರೆಯುವುದು ಒಂದೆರಡು ದಿನದ ಕೆಲಸ. ಮೊದಲು ಕೆಂಪು ಮಣ್ಣು ಬರುತ್ತದೆ, ಆಮೇಲೆ ಬೂದುಬಣ್ಣದ ಪುಡಿ, ಕಡೆಗೆ ಒದ್ದೆ ಚೂರುಗಳು. ಜಾಣತನ ಬೇಕಾಗುವುದು ಅದರ ನಂತರ. ನೀರಿರುವ ಪದರದ ಎದುರು ಸೀಳುಗಳಿರುವ ಪ್ಲಾಸ್ಟಿಕ್ ಕೊಳವೆ ಇಳಿಸಬೇಕು, ಸುತ್ತ ಜಲ್ಲಿ ತುಂಬಬೇಕು, ಮೇಲಿನ ಕೆಲವು ಮೀಟರುಗಳನ್ನು ಕೊಳಕು ಇಳಿಯದಂತೆ ಜೇಡಿ ಅಥವಾ ಸಿಮೆಂಟಿನಿಂದ ಮುಚ್ಚಬೇಕು. ಪಂಪಿನ ಬುಡಕ್ಕೆ ಕಾಂಕ್ರೀಟು ಕಟ್ಟೆ ಬೇಕು, ಚೆಲ್ಲಿದ ನೀರು ದೂರ ಹರಿದುಹೋಗಲು ಚರಂಡಿ ಬೇಕು. ಈ ಕಟ್ಟೆ ಬಿರುಕು ಬಿಟ್ಟರೆ ಬಚ್ಚಲ ನೀರು ಬಾವಿಗೇ ಮರಳುತ್ತದೆ. ಬಾವಿ ಮಳೆಗಾಲದ ಕೊನೆಗೆ ಕೊರೆದದ್ದೋ ಬೇಸಗೆಯಲ್ಲೋ ಎಂಬುದನ್ನೂ ಕೇಳಬೇಕು. ಮಲಾವಿಯಂಥ ಕಡೆ ನೀರು ಮೇಲಿರುವ ಮಾರ್ಚಿನಲ್ಲಿ ಮೂವತ್ತು ಮೀಟರಿಗೇ ತೃಪ್ತಿಪಟ್ಟು ಗುತ್ತಿಗೆದಾರ ಹೊರಟರೆ, ಆ ಬಾವಿ ಅಕ್ಟೋಬರಿನಲ್ಲಿ ಗಾಳಿ ಕಾರುತ್ತದೆ.

ನೀರು ಬಂದ ಮಾತ್ರಕ್ಕೆ ಅದು ಕುಡಿಯಲು ಯೋಗ್ಯ ಎಂದೂ ಅಲ್ಲ. ಇಥಿಯೋಪಿಯಾದಿಂದ ಕೆನ್ಯಾ, ಟಾಂಜಾನಿಯಾಗಳವರೆಗೆ ಹಬ್ಬಿದ ಬಿರುಕು ಕಣಿವೆಯ ಜ್ವಾಲಾಮುಖಿ ನೆಲದಲ್ಲಿ ಫ್ಲೋರೈಡ್ ಹೆಚ್ಚು. ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ ಪಾವಗಡದವರಿಗೆ ಹೊಸದಾಗಿ ಕಾಣದು. ನಮ್ಮ ನೆರೆಯ ನಲಗೊಂಡದ ಹೆಸರು ಹೊತ್ತ ಫ್ಲೋರೈಡ್ ನಿವಾರಣೆಯ ವಿಧಾನ ಇಥಿಯೋಪಿಯಾ, ಟಾಂಜಾನಿಯಾಗಳವರೆಗೂ ಹೋಗಿದೆ.

ಸೊಲ್ಲಾಪುರದಿಂದ ಹೊರಟ ಪಂಪು

ಉಗಾಂಡಾ, ಮಾಲಿ ಅಥವಾ ನೈಜೀರಿಯಾದ ಹಳ್ಳಿಗೆ ಹೋದ ಕನ್ನಡಿಗರಿಗೆ ಅಲ್ಲಿನ ಪಂಪು ಎಲ್ಲೋ ನೋಡಿದಂತಿದೆ ಎನ್ನಿಸುವುದು ಸಹಜ. ಅದು ನಮ್ಮೂರ ಶಾಲೆಯ ಮುಂದಿದ್ದ ಬೋರಿಂಗೇ. ಹೆಸರು ಇಂಡಿಯಾ ಮಾರ್ಕ್ 2.

ಇದರ ಹುಟ್ಟಿನ ಹಿಂದೆ ಒಂದು ಸೋಲಿದೆ. 1960ರ ದಶಕದ ಬರಗಾಲಗಳ ನಂತರ ಯೂನಿಸೆಫ್ ನೆರವಿನಿಂದ ಭಾರತದಲ್ಲಿ ಸಾವಿರಾರು ಕೊಳವೆಬಾವಿ ಕೊರೆಸಿ ಎರಕದ ಕಬ್ಬಿಣದ ಪಂಪು ಕೂಡಿಸಲಾಯಿತು. ಪರದೇಶದ ಒಂದೊಂದು ತೋಟದ ಮನೆಗೆಂದು ರೂಪಿಸಿದ ಪಂಪಿನ ನಕಲು ಅವು. ಒಂದು ಸಂಸಾರ ಬಳಸುವ ಪಂಪನ್ನು ಇಡೀ ಊರು ಬೆಳಗಿನಿಂದ ಸಂಜೆಯವರೆಗೆ ಜಗ್ಗಿದರೆ ಉಳಿದೀತೆ? 1974ರ ಸಮೀಕ್ಷೆಯೊಂದರಲ್ಲಿ ನಾಲ್ಕಕ್ಕೆ ಮೂರು ಪಂಪುಗಳು ಕೆಟ್ಟು ನಿಂತಿರುವುದು ಬಯಲಾಯಿತು. ಆದರೆ ವಿಜಯಪುರದ ಮಗ್ಗುಲಿನ, ಕನ್ನಡವೂ ಕಿವಿಗೆ ಬೀಳುವ ಸೊಲ್ಲಾಪುರದ ಸೀಮೆಯಲ್ಲಿ ಉಕ್ಕಿನಿಂದ ಮಾಡಿದ ಗಟ್ಟಿಮುಟ್ಟಾದ ಪಂಪೊಂದು ನಡೆಯುತ್ತಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಯೂನಿಸೆಫ್, ಮದರಾಸಿನ ಯಂತ್ರಶಾಸ್ತ್ರ ಸಂಶೋಧನಾ ಸಂಸ್ಥೆ ಮತ್ತು ರಿಚರ್ಡ್‌ಸನ್ ಅಂಡ್ ಕ್ರೂಡಾಸ್ ಕಾರ್ಖಾನೆ ಸೇರಿ ಮಾರ್ಕ್ 2 ರೂಪಿಸಿದವು. 1970ರ ದಶಕ ಮುಗಿಯುವ ಮೊದಲೇ ಅದು ಕಾರ್ಖಾನೆಗಳಿಂದ ರಾಶಿ ರಾಶಿಯಾಗಿ ಹೊರಬರತೊಡಗಿತು; ಮುಂದೆ ಹಡಗೇರಿ ಆಫ್ರಿಕಕ್ಕೂ ಹೋಯಿತು.

ಪಂಪು ಗಟ್ಟಿ, ಆದರೆ ರಿಪೇರಿ ತ್ರಾಸದ್ದು. ನೆಲದಡಿಯ ಸಿಲಿಂಡರಿನಲ್ಲಿ ಒಂದು ವಾಷರ್ ಸವೆದರೂ ಮೂರು ಮೀಟರಿನ ಕಬ್ಬಿಣದ ಕೊಳವೆಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಹಿಡಿಕೆ, ಮುಕ್ಕಾಲಿ, ನಾಲ್ಕಾರು ಆಳು, ಒಂದು ಗಾಡಿ ಬೇಕು. ಭಾರತದಲ್ಲಾದರೆ ತಾಲ್ಲೂಕು ಕೇಂದ್ರದಿಂದ ಮೆಕ್ಯಾನಿಕ್ ಬಂದಾನು. ರಸ್ತೆಯೇ ಇಲ್ಲದ ಕಡೆ?

ಈ ಪ್ರಶ್ನೆಗೆ ಉತ್ತರವಾಗಿ 1980ರ ದಶಕದಲ್ಲಿ ಮಲಾವಿ ಮತ್ತು ಕೆನ್ಯಾದಲ್ಲಿ ಆಫ್ರಿದೇವ್ ಎಂಬ ಪಂಪು ರೂಪುಗೊಂಡಿತು. ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಇದರ ಹಿಂದಿದ್ದವು. ಊರವರೇ ನಡೆಸಿ ಊರವರೇ ದುರಸ್ತಿ ಮಾಡಿಕೊಳ್ಳುವಂತಿರಬೇಕು ಎಂಬುದೇ ಅದರ ಮೂಲಸೂತ್ರ. ಕೊಳವೆ ಹಗುರ ಪ್ಲಾಸ್ಟಿಕ್ಕಿನದು, ಮೇಲೆತ್ತುವ ಗೋಜಿಲ್ಲ. ಒಂದೇ ಸ್ಪ್ಯಾನರಿನಿಂದ ಪಂಪಿನ ತಲೆ ಬಿಚ್ಚಿ, ಒಂದಕ್ಕೊಂದು ಕೊಕ್ಕೆ ಹಾಕಿಕೊಂಡ ಸರಳುಗಳನ್ನು ಎಳೆಯುತ್ತ ಹೋದರೆ ತುದಿಯಲ್ಲಿ ಪಿಸ್ಟನ್ ನೇತಾಡುತ್ತ ಬರುತ್ತದೆ. ಅದರ ಸುತ್ತ ಬಳೆಯಂಥ ಒಂದು ರಬ್ಬರ್ ಸೀಲು. ಹಳೆಯದನ್ನು ತೆಗೆದು ಹೊಸದನ್ನು ಕೂಡಿಸಿ ಮತ್ತೆ ಇಳಿಸಿದರೆ ಕೆಲಸ ಮುಗಿಯಿತು. ಕೆನ್ಯಾದ ಕರಾವಳಿಯ ಕ್ವಾಲೆ ಸೀಮೆಯಲ್ಲಿ ಹಳ್ಳಿಯ ಹೆಂಗಸರೇ ಈ ಕೆಲಸ ಕಲಿತು ಮಾಡಿದರು. ಆಫ್ರಿದೇವ್ ವಿನ್ಯಾಸಕ್ಕೆ ಯಾರ ಪೇಟೆಂಟೂ ಇಲ್ಲ. ಯಾವ ಕಾರ್ಖಾನೆಯೂ ತಯಾರಿಸಬಹುದು. ಭಾರತದ ಕಾರ್ಖಾನೆಗಳಿಂದಲೂ ಅವು ಆಫ್ರಿಕಕ್ಕೆ ಹೋಗುತ್ತವೆ.

ಕಬ್ಬಿಣದ ಕೊಳವೆಗೆ ಇನ್ನೊಂದು ಶತ್ರು ನೀರೇ. ನೆಲದಡಿಯ ನೀರು ತುಸು ಆಮ್ಲೀಯವಾಗಿದ್ದರೆ, ಪಿಎಚ್ 6.5ಕ್ಕಿಂತ ಕೆಳಗಿದ್ದರೆ, ಸತುವಿನ ಲೇಪ ಹೋಗಿ ಕಬ್ಬಿಣ ಕರಗತೊಡಗುತ್ತದೆ. ಬೆಳಗಿನ ಮೊದಲ ಕೊಡ ಕೆಂಪಗೆ ಬರುತ್ತದೆ, ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ, ಚಹಾ ಕಪ್ಪಿಡುತ್ತದೆ. ರೋಗಾಣು ಪರೀಕ್ಷೆಯಲ್ಲಿ ಅದು ಶುದ್ಧವೇ ಇರಬಹುದು. ಮನೆಯವರಿಗೆ ರುಚಿಯೇ ಸೇರದಿದ್ದರೆ ಹೆಂಗಸರು ಮತ್ತೆ ಹಳ್ಳದ ಹಾದಿ ಹಿಡಿಯುತ್ತಾರೆ. ಅದು ಅವರ ಅಜ್ಞಾನ ಎಂದು ಬರೆದಿಟ್ಟ ವರದಿಗಳಿವೆ. ತಪ್ಪು ಕೊಳವೆಯದು. 2016ರಲ್ಲಿ ಉಗಾಂಡಾ ಸರ್ಕಾರ ಕೈಪಂಪುಗಳಿಗೆ ಸತು ಲೇಪದ ಕಬ್ಬಿಣದ ಕೊಳವೆ ಬಳಸುವುದನ್ನೇ ನಿಲ್ಲಿಸಿತು.

ಮಕ್ಕಳ ಆಟ, ದೊಡ್ಡವರ ಲೆಕ್ಕ

ಶಾಲೆಯ ಬಾವಿಗಳ ಮಾತು ಬಂದಾಗ ಪ್ಲೇಪಂಪಿನ ಕತೆ ಹೇಳದೆ ದಾಟುವಂತಿಲ್ಲ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಉಪಾಯ ಅದು. ಶಾಲೆಯ ಅಂಗಳದಲ್ಲಿ ಮಕ್ಕಳು ಹತ್ತಿ ತಿರುಗುವ ಚಕ್ರ. ಅದು ತಿರುಗಿದಂತೆ ನೀರು ಮೇಲೇರಿ ಎತ್ತರದ ತೊಟ್ಟಿ ತುಂಬುತ್ತದೆ. ತೊಟ್ಟಿಯ ಸುತ್ತ ಜಾಹೀರಾತು ಫಲಕ, ಅದರ ಬಾಡಿಗೆಯಲ್ಲಿ ರಿಪೇರಿ. ಕೇಳಿದವರೆಲ್ಲ ತಲೆದೂಗಿದರು. 2000ದಲ್ಲಿ ವಿಶ್ವಬ್ಯಾಂಕಿನ ಬಹುಮಾನ ಬಂತು. 2006ರಲ್ಲಿ ನ್ಯೂಯಾರ್ಕಿನ ಕ್ಲಿಂಟನ್ ಗ್ಲೋಬಲ್ ಇನಿಷಿಯೇಟಿವ್ ಸಭೆಯಲ್ಲಿ, ಅಮೆರಿಕದ ಅಂದಿನ ಅಧ್ಯಕ್ಷರ ಪತ್ನಿ ಲಾರಾ ಬುಷ್ ಇದಕ್ಕೆ 1.64 ಕೋಟಿ ಡಾಲರ್ ನೆರವು ಸಾರಿದರು. 2010ರೊಳಗೆ 4,000 ಪಂಪು ಹಾಕುವ ಗುರಿ. ಒಂದೊಂದರ ಬೆಲೆ ಸುಮಾರು 14,000 ಡಾಲರ್. ಅದರಲ್ಲಿ ಹಲವು ಸಾಧಾರಣ ಕೈಪಂಪುಗಳು ಬರುತ್ತಿದ್ದವು.

ಕೂಡಿಸಿ ಕಳೆದು ನೋಡಿದವರು ಕಡಿಮೆ. ಒಂದು ಪಂಪು 2,500 ಜನಕ್ಕೆ ಸಾಕು ಎಂದಿದ್ದರು. ತುರ್ತು ನೆರವಿನ ಅಂತರರಾಷ್ಟ್ರೀಯ ಅಳತೆಯಂತೆ ತಲೆಗೆ ದಿನಕ್ಕೆ 15 ಲೀಟರ್ ಹಿಡಿದರೂ 37,500 ಲೀಟರ್ ಬೇಕು. ಚಕ್ರ ಎಡೆಬಿಡದೆ ತಿರುಗಿದರೆ ಗಂಟೆಗೆ ಸಿಗುವುದು 1,400 ಲೀಟರ್. ಅಂದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು! 2009ರಲ್ಲಿ ಗಾರ್ಡಿಯನ್ ಪತ್ರಿಕೆಯಲ್ಲಿ ಈ ಲೆಕ್ಕ ಬಂದಾಗ ಅನೇಕರು ತಬ್ಬಿಬ್ಬಾದರು. ಮಕ್ಕಳಿಗೆ ಒಂದು ಗಳಿಗೆ ಚಕ್ರ ಸುತ್ತುವುದು ಮೋಜು, ನೀರಿನ ಭಾರ ಹೊತ್ತ ಚಕ್ರವನ್ನು ಗಂಟೆಗಟ್ಟಲೆ ಸುತ್ತುವುದು ದುಡಿಮೆ. ರಜಾದಿನ ಮಕ್ಕಳೇ ಇಲ್ಲ. ಮೊಜಾಂಬಿಕ್‌ನಲ್ಲಿ ವಯಸ್ಸಾದ ಹೆಂಗಸರು ಸೊಂಟ ಬಗ್ಗಿಸಿ ಆಟದ ಚಕ್ರವನ್ನು ತಳ್ಳುತ್ತ ನೀರು ತುಂಬಿಕೊಳ್ಳಬೇಕಾಯಿತು. ಹಳ್ಳಿಯ ಮೂಲೆಯ ಫಲಕಕ್ಕೆ ಜಾಹೀರಾತೂ ಬರಲಿಲ್ಲ. ಕೆಲವೆಡೆ ಚೆನ್ನಾಗಿ ನಡೆಯುತ್ತಿದ್ದ ಕೈಪಂಪನ್ನೇ ಕಿತ್ತು ಈ ಚಕ್ರ ಹಾಕಲಾಗಿತ್ತು ಎಂಬುದು ಇನ್ನೂ ಬೇಸರದ ಸಂಗತಿ. ಹಣ ಕೊಟ್ಟಿದ್ದ ಕೇಸ್ ಪ್ರತಿಷ್ಠಾನ 2010ರಲ್ಲಿ ತಾವು ಅಂದುಕೊಂಡದ್ದು ಆಗಲಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಇಂಥ ಪ್ರಾಮಾಣಿಕತೆ ಈ ಕ್ಷೇತ್ರದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಶಾಲೆಯ ಬಾವಿಗೆ ಬೇರೆ ತೊಡಕುಗಳೂ ಇವೆ. ಬೇಲಿಯೊಳಗಿನ ಪಂಪು ಊರಿನದೋ ಶಾಲೆಯದೋ? ಸಂಜೆ ಗೇಟಿಗೆ ಬೀಗ ಹಾಕಬಹುದೆ? ಊರವರೆಲ್ಲ ಜಗ್ಗಿ ಸವೆಸಿದ ಸೀಲಿಗೆ ಮೇಷ್ಟರು ಎಲ್ಲಿಂದ ದುಡ್ಡು ಹೊಂದಿಸಬೇಕು? ಪಂಪು ಕೂಡಿಸುವ ಮೊದಲೇ ಇವನ್ನು ಮಾತಾಡಿ ಮುಗಿಸದಿದ್ದರೆ ಮೊದಲ ರಿಪೇರಿಗೇ ಜಗಳ ಹತ್ತುತ್ತದೆ.

ಸೀಲು ಸವೆದ ಮೇಲೆ

2009ರಲ್ಲಿ ಗ್ರಾಮೀಣ ನೀರು ಪೂರೈಕೆಯ ತಜ್ಞರ ಜಾಲವೊಂದು ಆಫ್ರಿಕದ 20 ದೇಶಗಳ ಅಂಕಿಗಳನ್ನು ಕಲೆಹಾಕಿತು. ಯಾವುದೇ ಹೊತ್ತಿನಲ್ಲಿ ನೋಡಿದರೂ ನೂರಕ್ಕೆ 36 ಕೈಪಂಪು ಕೆಟ್ಟು ನಿಂತಿರುತ್ತವೆ ಎಂಬ ಅಂದಾಜು ಹೊರಬಂತು. ಹತ್ತು ವರ್ಷದ ನಂತರದ ಅಂದಾಜು ನಾಲ್ಕಕ್ಕೆ ಒಂದು. ಸುಧಾರಣೆಯೇ ಸರಿ, ಆದರೂ ಸಣ್ಣ ಸಂಖ್ಯೆಯಲ್ಲ.

ವಾಡಿಕೆಯ ಪರಿಹಾರ ಊರಿನ ನೀರು ಸಮಿತಿ. ಪಂಪು ಕೂಡಿಸುವಾಗ ಹತ್ತು ಜನರನ್ನು ಆರಿಸಿ, ತಿಂಗಳಿಗಿಷ್ಟು ವಂತಿಗೆ ಎತ್ತಿ ಎಂದು ಹೇಳಿ ಸಂಸ್ಥೆಯವರು ಹೊರಡುತ್ತಾರೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಮಳೆ ಬಂತೆಂದರೆ ಜನ ಹತ್ತಿರದ ಹೊಂಡದ, ಸೂರಿನ ನೀರಿಗೆ ತಿರುಗುತ್ತಾರೆ, ಪಂಪಿನ ಬಳಕೆ ಇಳಿಯುತ್ತದೆ. ಕೆನ್ಯಾದಲ್ಲಿ ಇದನ್ನು ಅಳೆದೇ ತೋರಿಸಿದ್ದಾರೆ. ಬಳಸದ ತಿಂಗಳಿಗೆ ವಂತಿಗೆ ಯಾಕೆ ಎನ್ನುವುದು ನ್ಯಾಯವಾದ ಪ್ರಶ್ನೆಯೇ. ಪಂಪು ಕೆಡುವ ಹೊತ್ತಿಗೆ ಪೆಟ್ಟಿಗೆ ಖಾಲಿ, ಸೀಲು ಸಿಗುವ ಅಂಗಡಿ ಜಿಲ್ಲಾ ಕೇಂದ್ರದಲ್ಲಿ. ನಗರದಲ್ಲಿ ನಲ್ಲಿ ಕೆಟ್ಟರೆ ಮಂಡಳಿಗೆ ಫೋನು ಮಾಡುವ ನಾವು, ಎರಡು ಹೊತ್ತಿನ ಊಟಕ್ಕೆ ಹೆಣಗುವವರಿಗೆ ನೀವೇ ಕಾರ್ಯದರ್ಶಿ, ಖಜಾಂಚಿ, ಮೆಕ್ಯಾನಿಕ್ ಆಗಿ ಎನ್ನುವುದು ನನಗಂತೂ ಸರಿಕಂಡಿಲ್ಲ.

ಬೇರೆ ದಾರಿಯೂ ಇದೆ. ಪೂರ್ವ ಕೆನ್ಯಾದ ಕ್ಯೂಸೊ ಎಂಬಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ತಂಡ ಪಂಪಿನ ಹಿಡಿಯೊಳಗೆ ಮೊಬೈಲಿನಂಥ ಚಿಕ್ಕ ಸಾಧನ ಇಟ್ಟಿತು. ಹಿಡಿ ಎಷ್ಟು ಸಲ ಮೇಲೆ ಕೆಳಗೆ ಆಡಿತೆಂದು ಅದು ಸಂದೇಶ ಕಳಿಸುತ್ತದೆ. ಸಂದೇಶದಲ್ಲಿ ಬಳಕೆ ಥಟ್ಟನೆ ಇಳಿದರೆ ಪಂಪು ಕೆಟ್ಟಿದೆ ಎಂದರ್ಥ. ಮೆಕ್ಯಾನಿಕ್ ಮೋಟಾರ್‌ಸೈಕಲ್ ಹತ್ತುತ್ತಾನೆ. ಮೊದಲು ಒಂದು ರಿಪೇರಿಗೆ ಸರಾಸರಿ 27 ದಿನ ಹಿಡಿಯುತ್ತಿತ್ತು, ಆಮೇಲೆ ಮೂರು ದಿನದೊಳಗೆ ಆಗತೊಡಗಿತು. ಇದರಲ್ಲಿ ಯಂತ್ರದ ಪಾತ್ರಕ್ಕಿಂತ ಸಂಬಳ ಪಡೆದು ರಿಪೇರಿಯನ್ನೇ ಕಸುಬಾಗಿ ಮಾಡುವ ತಂಡದ ಪಾತ್ರ ದೊಡ್ಡದು. ಇದೇ ಪ್ರಯೋಗ ಬೆಳೆದು ಫಂಡಿಫಿಕ್ಸ್ ಎಂಬ ಹೆಸರಿನಲ್ಲಿ ಕಿಟುಯಿ, ಕ್ವಾಲೆ ಸೀಮೆಗಳಲ್ಲಿ ರಿಪೇರಿ ಸೇವೆಯಾಗಿ ನಡೆಯಿತು. ಬಳಕೆದಾರರ ವಂತಿಗೆ ಮಾತ್ರದಿಂದ ಇಂಥ ಸೇವೆಯ ಪೂರ್ತಿ ಖರ್ಚು ಹುಟ್ಟುವುದಿಲ್ಲ. ಹೊರಗಿನ ನೆರವೂ ಬೇಕು.

ಹುಟ್ಟುಹಬ್ಬದ ನೆನಪಿಗೋ ಹಿರಿಯರ ಹೆಸರಿನಲ್ಲೋ ಆಫ್ರಿಕದ ಒಂದು ಶಾಲೆಗೆ ಬಾವಿ ಕೊಡಿಸುವ ಮನಸ್ಸು ನಿಮಗೂ ಬರಬಹುದು. ಕೊಡಿ. ಆದರೆ ಹಣ ಕೇಳಿದ ಸಂಸ್ಥೆಗೆ ಮೊದಲು ಒಂದು ಪತ್ರ ಬರೆಯಿರಿ: ಐದು ವರ್ಷದ ಹಿಂದೆ ನೀವು ಹಾಕಿಸಿದ ಪಂಪುಗಳಲ್ಲಿ ಇವತ್ತು ಎಷ್ಟು ನಡೆಯುತ್ತಿವೆ, ಕೆಟ್ಟರೆ ಯಾರು ಬರುತ್ತಾರೆ, ಅವರ ಸಂಬಳ ಎಲ್ಲಿಂದ? ಉತ್ತರ ಬರದಿದ್ದರೆ ಆ ಹಣವನ್ನು ಈಗಾಗಲೇ ಇರುವ ಪಂಪುಗಳ ರಿಪೇರಿ ಮಾಡುವವರಿಗೆ ಕೊಡಿ. ಅಲ್ಲಿ ನಿಮ್ಮ ಹೆಸರಿನ ಫಲಕ ಇರುವುದಿಲ್ಲ, ನೀರು ಮಾತ್ರ ಬರುತ್ತದೆ.