ಮಾತಿಲ್ಲದ ‘ವಿಮಾನ’, ಮುಗಿಯದ ಮಾತು

“ಆವಾಜ್ ಹೋಗೇತೇನ ನೋಡೋ ತಮ್ಮಾ!”

ಇಳಕಲ್ಲಿನ ಮನೆಯೊಂದರಲ್ಲಿ ‘ಪುಷ್ಪಕ ವಿಮಾನ’ ಚಿತ್ರ ಹಚ್ಚಿ ಕೂತರೆ, ಹತ್ತು ನಿಮಿಷದೊಳಗೆ ಅಜ್ಜಿಯ ಬಾಯಿಂದ ಇಂಥ ಮಾತು ಬಾರದಿದ್ದರೇ ಆಶ್ಚರ್ಯ. ಟಿ.ವಿ. ಕೆಟ್ಟಿರುವುದಿಲ್ಲ. ಚಿತ್ರದಲ್ಲಿ ಬೀದಿಯ ಸದ್ದುಂಟು, ಎಲ್. ವೈದ್ಯನಾಥನ್ ಅವರ ಸಂಗೀತವುಂಟು. ಪಾತ್ರಗಳ ಮಾತು ಮಾತ್ರ ಇಲ್ಲ. 1934ರಲ್ಲಿ ‘ಸತಿ ಸುಲೋಚನ’ದಿಂದ ಮಾತು ಕಲಿತ ಕನ್ನಡ ಚಿತ್ರರಂಗ, 53 ವರ್ಷಗಳ ನಂತರ, 1987ರಲ್ಲಿ, ಬೇಕೆಂದೇ ಬಾಯಿ ಮುಚ್ಚಿಕೊಂಡಿತು! ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್, ನಾಯಕ ಕಮಲಹಾಸನ್. ಆರೋಗ್ಯಕರ ಮನರಂಜನೆಯ ಜನಪ್ರಿಯ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ತಮಿಳಿನಲ್ಲಿ ಇಟ್ಟ ಹೆಸರು ‘ಪೇಸುಂ ಪಡಂ’, ಎಂದರೆ ಮಾತನಾಡುವ ಚಿತ್ರ.

ಮಾತಿಲ್ಲದೆ ನಗಿಸುವುದು ಈ ಸೀಮೆಗೆ ಹೊಸದೇನಲ್ಲ. ಬಾದಾಮಿಗೆ ಪ್ರವಾಸ ಹೋದ ಮಕ್ಕಳು ನಟರಾಜನ ಹದಿನೆಂಟು ಕೈಗಳನ್ನು ಎಣಿಸುತ್ತಾರೆ, ಮೂರನೆಯ ಗುಹೆಯ ಶಾಸನದ ವರ್ಷ ಕ್ರಿ.ಶ. 578 ಎಂದು ಬರೆದುಕೊಳ್ಳುತ್ತಾರೆ. ಅದೇ ಗುಹೆಗಳ ಜಗಲಿಯ ಪಟ್ಟಿಕೆಯಲ್ಲಿ ಕುಣಿಯುವ, ಕೈಕಾಲು ಸೊಟ್ಟ ಮಾಡುವ ಡೊಳ್ಳುಹೊಟ್ಟೆಯ ಕುಳ್ಳ ಗಣಗಳಿವೆ. ಅವನ್ನು ಯಾರೂ ವಿವರಿಸಬೇಕಿಲ್ಲ. ಬಗ್ಗಿ ನೋಡಿದವರು ನಗುತ್ತಾರೆ.

ಇನ್ನು ಚಿತ್ರದ ಕತೆ. ಕೆಲಸವಿಲ್ಲದ ಪದವೀಧರನೊಬ್ಬನಿಗೆ ಬೀದಿಯಲ್ಲಿ ಕುಡಿದು ಬಿದ್ದ ಶ್ರೀಮಂತ ಸಿಗುತ್ತಾನೆ. ಅವನನ್ನು ತನ್ನ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಹೆಸರಿನಲ್ಲಿ ದೊಡ್ಡ ಹೋಟೆಲಿನಲ್ಲಿ ಹಾಯಾಗಿರುತ್ತಾನೆ. ಶ್ರೀಮಂತನನ್ನು ಕೊಲ್ಲಲು ಬಂದ ಬಾಡಿಗೆ ಹಂತಕ ಇವನ ಬೆನ್ನು ಹತ್ತುತ್ತಾನೆ. ಅವನ ಆಯುಧ ಮಂಜುಗಡ್ಡೆಯ ಚೂರಿ! ಕೆಲಸವಾದ ಮೇಲೆ ಕರಗಿ ನೀರಾಗಬೇಕು, ಸಾಕ್ಷಿ ಉಳಿಯಬಾರದು.

ಹುಡುಗರ ಮೆಚ್ಚಿನ ಭಾಗ ಇದೇ. “ಇದು ಖರೇ ಆಗ್ತೈತೇನ್ರಿ ಸರ್?” ಎಂಬ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲೇ ಇದೆ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು, ಅದೇ ಗುಪ್ತೋಷ್ಣ. ನೂರು ಗ್ರಾಂ ತೂಕದ ಚೂರಿಗೆ 8,000 ಕ್ಯಾಲೊರಿ. ಎಂದರೆ ಅದು ಥಟ್ಟನೆ ಮಾಯವಾಗುವ ವಸ್ತುವಲ್ಲ, ಹಾಗೆಂದು ಹಂತಕನಿಗಾಗಿ ಕಾಯುತ್ತಲೂ ಕೂರದು. ಅವನ ಪೇಚಾಟವೆಲ್ಲ ಈ ನಡುವಿನ ಹೊತ್ತಿನದು.

ದೊಡ್ಡವರು ನಗುವ ಜಾಗವೇ ಬೇರೆ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ನಾಯಕನಿಗೆ ನಿದ್ದೆ ಬಾರದು. ತನ್ನ ಹಳೆಯ ಕೋಣೆಯ ಪಕ್ಕದ ಚಿತ್ರಮಂದಿರದ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು ಹಾಕಿಕೊಂಡ ಮೇಲೆಯೇ ಗೊರಕೆ! ಮಗ್ಗದ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡ ಇಳಕಲ್ಲಿನವರಿಗೆ ಇದು ಹಾಸ್ಯವೂ ಹೌದು, ಮನೆಯ ಸಮಾಚಾರವೂ ಹೌದು. ಎಡೆಬಿಡದ ಸದ್ದನ್ನು ಮಿದುಳು ಲೆಕ್ಕಕ್ಕೆ ಇಡುವುದನ್ನೇ ಬಿಡುತ್ತದೆ. ಅದು ನಿಂತಾಗ ಎಚ್ಚರಗೊಳ್ಳುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿ ಬಿಟ್ಟು ನವನಗರದ ಅಗಲ ರಸ್ತೆಗೆ ಬಂದವರಿಗೆ ಮೊದಲ ರಾತ್ರಿಗಳು ಹೇಗಿದ್ದವೆಂದು ಕೇಳಿ ನೋಡಬೇಕು.

ಆದರೆ ಪಾಲಕರ ಆಕ್ಷೇಪ ಹಗುರವಾದುದಲ್ಲ. ಒಬ್ಬನನ್ನು ಕೂಡಿಹಾಕಿ ಅವನ ದುಡ್ಡಿನಲ್ಲಿ ಮೆರೆಯುವವನನ್ನು ನೋಡಿ ಮಕ್ಕಳು ನಗಬೇಕೆ? ಬಂದಿಯ ಮಲವನ್ನು ಉಡುಗೊರೆಯ ಪೊಟ್ಟಣದಂತೆ ಸುತ್ತಿ ಸಾಗಿಸುವ ದೃಶ್ಯಕ್ಕೆ ಮೂಗು ಮುರಿಯುವವರೂ ಉಂಟು. ಮೂಗಿನ ವಿಷಯ ಬಿಡಿ. ಮೊದಲ ಪ್ರಶ್ನೆ ನ್ಯಾಯವಾದುದೇ. ಚಿತ್ರ ಅದಕ್ಕೆ ಉಪದೇಶದಿಂದ ಉತ್ತರಿಸುವುದಿಲ್ಲ. ನಾಯಕ ತನ್ನಲ್ಲಿರುವ ಒಂದು ನಾಣ್ಯವನ್ನು ತೋರಿಸಿ ಬೀಗಿದರೆ, ಬೀದಿಯ ಭಿಕ್ಷುಕ ನೋಟುಗಳನ್ನೇ ತೋರಿಸುತ್ತಾನೆ. ಮುಂದೊಂದು ದಿನ ಆ ಭಿಕ್ಷುಕ ಸಾಯುತ್ತಾನೆ. ಜನ ಹೆಣ ಬಿಟ್ಟು ಅವನ ಹಣಕ್ಕೆ ಮುಗಿಬೀಳುತ್ತಾರೆ. ಕೊನೆಗೆ ನಾಯಕ ಶ್ರೀಮಂತನನ್ನು ಬಿಟ್ಟುಬಿಡುತ್ತಾನೆ, ಮೆಚ್ಚಿದ ಹುಡುಗಿಗೂ ತಪ್ಪೊಪ್ಪಿಕೊಳ್ಳುತ್ತಾನೆ. ಮನಸ್ಸು ಯಾವ ಗಳಿಗೆಯಲ್ಲಿ ತಿರುಗಿತೆಂದು ಚಿತ್ರ ಬಾಯಿಬಿಟ್ಟು ಹೇಳದು. ಮಗ ಒಂದು ದೃಶ್ಯ ತೋರಿಸಿದರೆ ಅಪ್ಪ ಇನ್ನೊಂದು ತೋರಿಸಬಹುದು. ಸಂಭಾಷಣೆ ಇದ್ದಿದ್ದರೆ ಈ ಚರ್ಚೆಗೆ ಎಡೆಯೇ ಇರುತ್ತಿರಲಿಲ್ಲ.

ನೋಡುಗರ ತೀರ್ಪು ಬದಲಾಗುವುದೂ ಉಂಟು. ನಗದ ಮುಖದ ನಟ ಬಸ್ಟರ್ ಕೀಟನ್ 1926ರಲ್ಲಿ ‘ದಿ ಜನರಲ್’ ಎಂಬ ಮೂಕಿ ಚಿತ್ರ ಮಾಡಿದ. ಉರಿಯುವ ಸೇತುವೆಯಿಂದ ನಿಜವಾದ ರೈಲು ಎಂಜಿನನ್ನೇ ನದಿಗೆ ಬೀಳಿಸಿದ. ಆಗಿನ ವಿಮರ್ಶಕರಲ್ಲಿ ಅನೇಕರು ಮೆಚ್ಚಲಿಲ್ಲ, ಹಾಕಿದ ಹಣಕ್ಕೆ ತಕ್ಕ ಗಳಿಕೆಯೂ ಆಗಲಿಲ್ಲ. 1989ರಲ್ಲಿ ಅಮೆರಿಕ ತನ್ನ ಚಿತ್ರಗಳಲ್ಲಿ ಶಾಶ್ವತವಾಗಿ ಕಾಪಾಡಬೇಕಾದ ಮೊದಲ 25ನ್ನು ಆರಿಸಿದಾಗ ‘ದಿ ಜನರಲ್’ ಅದರಲ್ಲಿತ್ತು. ಚಿತ್ರದ ಒಂದು ಚೌಕಟ್ಟೂ ಬದಲಾಗಿರಲಿಲ್ಲ.

‘ಪುಷ್ಪಕ ವಿಮಾನ’ದ ಬಗ್ಗೆ ಹೆಚ್ಚು ಜಗಳವಾಗುವುದು ಕೊನೆಯ ದೃಶ್ಯಕ್ಕೆ. ಹೊರಟುನಿಂತ ಹುಡುಗಿ (ನಟಿ ಅಮಲಾ) ಗುಲಾಬಿಯೊಂದಿಗೆ ವಿಳಾಸದ ಚೀಟಿ ಎಸೆಯುತ್ತಾಳೆ. ಗಾಳಿಗೆ ಹಾರಿದ ಚೀಟಿ ಚರಂಡಿಯ ಪಾಲು. “ಚೀಟಿ ಸಿಗಬೇಕಿತ್ತ” ಎನ್ನುತ್ತಾರೆ ಹೈಸ್ಕೂಲಿನ ಮಕ್ಕಳು. ಹುನಗುಂದದಲ್ಲೋ ಬಾಗಲಕೋಟೆಯಲ್ಲೋ ಪದವಿ ಮುಗಿಸಿ ಅರ್ಜಿ ಹಾಕುತ್ತ ಕೂತ ಅಣ್ಣಂದಿರು ಚೀಟಿಯ ಮಾತೆತ್ತುವುದಿಲ್ಲ. ಅವರ ಕಣ್ಣು ಅದರ ಮುಂದಿನ ಚಿತ್ರದ ಮೇಲೆ: ಕೆಲಸ ಕೇಳಿ ನಿಂತವರ ಉದ್ದನೆಯ ಸಾಲು, ಅದರಲ್ಲಿ ಗುಲಾಬಿ ಹಿಡಿದ ನಾಯಕ.