ರಾಯಚೂರು ಸೀಮೆಯ ದಫ್ತರಗಳು: ಬರೆದವರೂ ಕಾಯ್ದವರೂ

ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗೆ ರಾಯಚೂರು ದೋಆಬ ಎಂದು ಹೆಸರು. ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಎಷ್ಟು ಸಲ ಕಾದಾಡಿದರೆಂಬುದನ್ನು ಶಾಲೆಯ ಬಾಲಕರೂ ಬಲ್ಲರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸೈನ್ಯವನ್ನು ಇಲ್ಲಿಯೇ ಸೋಲಿಸಿದನು. ಆದರೆ ಕಾದಿದವರ ಹೆಸರು ನಮಗೆ ಗೊತ್ತಿರುವಷ್ಟು ಬರೆದಿಟ್ಟವರ ಹೆಸರು ಗೊತ್ತಿಲ್ಲ. ಚರಿತ್ರೆಯು ತಾನಾಗಿ ಉಳಿಯತಕ್ಕ ವಸ್ತುವಲ್ಲ. ಒಬ್ಬನು ಬರೆಯಬೇಕು, ಇನ್ನೊಬ್ಬನು ಕಾಯಬೇಕು, ಮತ್ತೊಬ್ಬನು ಓದಬೇಕು. ರಾಯಚೂರು, ದೇವದುರ್ಗ, ಮಾನ್ವಿಗಳ ಮಟ್ಟಿಗೆ ಈ ಮೂರು ಕೆಲಸಗಳನ್ನು ಮಾಡಿದವರು ಯಾರೆಂಬುದನ್ನು ಈಗ ವಿಚಾರಮಾಡೋಣ.

ಮೊದಲು ಕಲ್ಲಿನ ಮಾತು. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಮೀರಿದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ಕಾಕತೀಯರ ಕಾಲದ ತೆಲುಗು ಶಾಸನವುಂಟು. ಕೋಟೆಯನ್ನು ಕಟ್ಟಿಸಿದ ಅಧಿಕಾರಿಯ ಕೀರ್ತಿಯನ್ನು ಅಕ್ಷರಗಳು ಸಾರುತ್ತವೆ. ಬಳಿಯಲ್ಲಿಯೇ, ಆ ಮಹಾಶಿಲೆಯನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲಿನಿಂದ ಎಳೆಯಿಸುತ್ತಿರುವ ಚಿತ್ರವನ್ನು ಕೊರೆದಿದ್ದಾರೆ. ಅಕ್ಷರದಲ್ಲಿ ಧಣಿ, ಚಿತ್ರದಲ್ಲಿ ದುಡಿಮೆ. ದಾಖಲೆಗಳನ್ನು ಓದತಕ್ಕವನು ಈ ಭೇದವನ್ನು ಎಂದಿಗೂ ಮರೆಯಬಾರದು.

ಕಲ್ಲನ್ನು ಕೊರೆದರೆ ಸಾಲದು, ಕಂಡವರು ಬೇಕು. ಮಸ್ಕಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಬರೆಯಿಸಿದ ಧರ್ಮಲಿಪಿಯು ಎರಡು ಸಾವಿರ ವರ್ಷಕ್ಕೂ ಮೇಲೆ ಮೌನವಾಗಿತ್ತು. 1915ರಲ್ಲಿ ಅದನ್ನು ಕಂಡವನು ಪಂಡಿತನಲ್ಲ. ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರು. ಹೈದರಾಬಾದ್ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯು ಅದಕ್ಕೆ ಒಂದು ವರ್ಷದ ಹಿಂದೆಯಷ್ಟೇ ಸ್ಥಾಪಿತವಾಗಿತ್ತು. ಗುಲಾಂ ಯಜ್ದಾನಿಯವರು ಅದರ ಮುಖ್ಯಸ್ಥರು. ಎಚ್. ಕೃಷ್ಣಶಾಸ್ತ್ರಿಗಳು ಆ ಲಿಪಿಯನ್ನು ಓದಿ, ಅದು ಆ ಇಲಾಖೆಯ ಗ್ರಂಥಮಾಲೆಯ ಮೊದಲನೆಯ ಸಂಪುಟವಾಗಿ ಪ್ರಕಟವಾಯಿತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದುವು. ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರೇ ದೊರಕಿತು. ಒಬ್ಬ ಗಣಿಗಾರನ ಕಣ್ಣು, ಒಂದು ಇಲಾಖೆಯ ವ್ಯವಸ್ಥೆ, ಒಬ್ಬ ಶಾಸ್ತ್ರಿಯ ವಿದ್ಯೆ ಇವು ಕೂಡಿದುದರಿಂದ ಭರತಖಂಡದ ಚರಿತ್ರೆಯ ಒಂದು ದೊಡ್ಡ ಸಂದೇಹವು ನಿವಾರಣೆಯಾಯಿತು. ಮುಂದೆ ಪಿ. ಬಿ. ದೇಸಾಯಿಯವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಸಂಪಾದಿಸಿ 1958ರಲ್ಲಿ ಅದೇ ಮಾಲೆಯಲ್ಲಿ ಹೊರತಂದರು.

ಇನ್ನು ಕಾಗದದ ವಿಚಾರ. ಹಿಂದೆ ಹಳ್ಳಿಯ ಲೆಕ್ಕವನ್ನು ಬರೆಯುತ್ತಿದ್ದವನು ಕುಲಕರ್ಣಿ. ಕಂದಾಯವನ್ನು ಕೂಡಿಸುತ್ತಿದ್ದವನು ಗೌಡ. ಅನೇಕ ಹಳ್ಳಿಗಳು ಸೇರಿದ ಪರಗಣೆಗೆ ದೇಸಾಯಿಯೂ ಅದರ ಲೆಕ್ಕಕ್ಕೆ ದೇಶಪಾಂಡೆಯೂ ಹೊಣೆ. ಇವೆಲ್ಲವೂ ವಂಶಪಾರಂಪರ್ಯದ ವೃತ್ತಿಗಳು. ಆದುದರಿಂದ ದಫ್ತರವು ಕಚೇರಿಯಲ್ಲಿರದೆ ಮನೆಯಲ್ಲಿಯೇ ಇರುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿದರೆ ಕಡತವಾಗುತ್ತದೆ. ಅದರ ಮೇಲೆ ಬಳಪದಿಂದ ಬರೆಯುವರು. ಒರಸಿ ಮತ್ತೆ ಬರೆಯಬಹುದಾದುದು ಅದರ ಅನುಕೂಲ. ಅಳಿಸಿದ್ದು ಮರಳಿ ಬಾರದಿರುವುದು ಅದರ ದೋಷ. ಹಳೆಯ ಲೆಕ್ಕಗಳಲ್ಲಿ ಎಷ್ಟೋ ಭಾಗ ಹೀಗೆ ಕೈಯಿಂದಲೇ ಅಳಿದುಹೋಗಿದೆ.

ಹಳ್ಳಿಯ ಮೇಲಣ ವ್ಯವಸ್ಥೆ ಬೇರೆ. ಹೈದರಾಬಾದಿನ ‘ದಫ್ತರ್-ಎ-ದಿವಾನಿ’ಯಲ್ಲಿ ಮೊಗಲರ ದಖ್ಖಣದ ಆಡಳಿತದ ಪತ್ರಗಳೂ ಆಸಫಜಾಹಿ ಮನೆತನದ ಸನದುಗಳೂ ಶೇಖರವಾದುವು, ಇವೆಲ್ಲವೂ ಪಾರ್ಸಿಯಲ್ಲಿ. 1853ರಲ್ಲಿ ದೋಆಬವು ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿತು. ಆ ಏಳು ವರ್ಷಗಳ ಮೇಲಧಿಕಾರಿಗಳ ಪತ್ರವ್ಯವಹಾರ ಇಂಗ್ಲಿಷಿನಲ್ಲಿ. 1865ರಲ್ಲಿ ಮೊದಲನೆಯ ಸಾಲಾರ್ ಜಂಗರು ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಇಪ್ಪತ್ತು ವರ್ಷಗಳೊಳಗೆ ಕಚೇರಿಯ ಭಾಷೆಯು ಪಾರ್ಸಿಯಿಂದ ಉರ್ದುವಿಗೆ ತಿರುಗಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆದರೆ ದಫ್ತರ್-ಎ-ದಿವಾನಿಯ ಭಂಡಾರವು ಹೈದರಾಬಾದಿನಲ್ಲಿಯೇ ಉಳಿಯಿತು. ನೆಲ ಇಲ್ಲಿ, ನೆಲದ ಹಳೆಯ ಪತ್ರಗಳು ಅಲ್ಲಿ!

ಇದರ ಫಲವನ್ನು ನೋಡಿರಿ. ಮಾನ್ವಿಯ ಕಡೆಯ ಒಂದು ಇನಾಮು ಭೂಮಿಯ ಕಥೆಯನ್ನು ಮೊದಲಿನಿಂದ ತಿಳಿಯಬೇಕೆನ್ನುವವನು ಶಾಸನಕ್ಕೆ ಹಳಗನ್ನಡವನ್ನೂ, ಮನೆಯ ಲೆಕ್ಕಕ್ಕೆ ಮೋಡಿಯನ್ನೂ, ಸನದಿಗೆ ಪಾರ್ಸಿಯನ್ನೂ, ತಹಶೀಲಿನ ಪುಸ್ತಕಕ್ಕೆ ಉರ್ದುವನ್ನೂ ಕಲಿತಿರಬೇಕು. ಇವೆಲ್ಲವನ್ನೂ ಬಲ್ಲ ಒಬ್ಬನು ದೊರೆಯುವುದು ದುರ್ಲಭ. ಓದುವವರಿಲ್ಲದ ಕಾಗದವು ಇದ್ದೂ ಇಲ್ಲದಂತೆ.

ಆಡಳಿತದ ಲೆಕ್ಕವೊಂದೇ ದಾಖಲೆಯೆಂದು ಭಾವಿಸಬಾರದು. ಮಾನ್ವಿಯ ಸೀಮೆ ದಾಸರ ಸೀಮೆ. ಚೀಕಲಪರವಿಯ ವಿಜಯದಾಸರೂ, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿ ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರೂ ಇಲ್ಲಿಯವರು. ಅವರ ಕೃತಿಗಳನ್ನು ಉಳಿಸಿದುದು ಸರಕಾರವಲ್ಲ. ಹಾಡುವವರ ನಾಲಗೆ, ಮನೆಮನೆಯ ಹಸ್ತಪ್ರತಿ. ಲಿಂಗಸುಗೂರಿನಲ್ಲಿ ಗೊರೇಬಾಳ ಹನುಮಂತರಾಯರು ಇಂತಹ ಪ್ರತಿಗಳನ್ನು ಅರಸಿ ಕೂಡಿಸಿ ದಾಸಸಾಹಿತ್ಯವನ್ನು ಅಚ್ಚುಹಾಕಿಸಿದರು. ದೇವದುರ್ಗದ ಕಡೆ ಗಬ್ಬೂರಿನ ಗುಡಿಗಳ ಶಾಸನಗಳು ಊರವರ ಭಕ್ತಿಯ ನೆರಳಿನಲ್ಲಿ ಉಳಿದುವು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ನೆರೆದಾಗ, ಉರ್ದು ಕಚೇರಿಯ ನಾಡಿನಲ್ಲಿಯೂ ಕನ್ನಡದ ಅಕ್ಷರವು ಮನೆಗಳಲ್ಲಿ ಬದುಕಿತ್ತೆಂಬುದು ಹೊರನಾಡಿನವರಿಗೆ ಪ್ರತ್ಯಕ್ಷವಾಯಿತು.

ಹಾಗಾದರೆ ಅಪಾಯವೆಲ್ಲಿ? 1949ರಲ್ಲಿ ಜಾಗೀರುಗಳು ರದ್ದಾದುವು. 1955ರಲ್ಲಿ ಇನಾಮು ರದ್ದತಿಯ ಕಾಯಿದೆ ಬಂದಿತು. 1961ರ ಕಾಯಿದೆಯಿಂದ ಗ್ರಾಮಾಧಿಕಾರಿಗಳ ವಂಶಪಾರಂಪರ್ಯವೂ ಹೋಯಿತು. ಇವು ನ್ಯಾಯವಾದ ಸುಧಾರಣೆಗಳೇ ಸರಿ. ಆದರೆ ಹಕ್ಕು ಹೋದೊಡನೆ ಹಕ್ಕಿನ ಕಾಗದಕ್ಕೆ ಕಾವಲೂ ಹೋಯಿತು. ಕಟ್ಟುಗಳು ಅಟ್ಟವನ್ನೇರಿದುವು, ಗೆದ್ದಲು ತನ್ನ ಪಾಲನ್ನು ತೆಗೆದುಕೊಂಡಿತು. ಹಳೆಯ ಗ್ರಂಥವನ್ನು ಹೊಳೆಗೆ ಬಿಡುವುದು ಪುಣ್ಯವೆಂಬ ನಂಬಿಕೆಯಿಂದ ಹೋದುದಕ್ಕೆ ಲೆಕ್ಕವಿಲ್ಲ.

ಉಳಿದುದರಲ್ಲಿಯೂ ಎಲ್ಲರ ಧ್ವನಿಯಿಲ್ಲವೆಂಬುದು ನಿಜ. ಕುಲಕರ್ಣಿಯು ಬರೆದುದು ಕಂದಾಯ ಕೊಟ್ಟವರ ಹೆಸರನ್ನು. ಹೊಲದಲ್ಲಿ ದುಡಿದವನು ಸಾಲದ ಬಾಕಿಯಲ್ಲಿ ಒಮ್ಮೆ ಕಾಣಿಸಿಕೊಂಡರೆ ಅದೇ ಹೆಚ್ಚು. ಹಾಗೆಂದು ಕಾಗದವನ್ನು ಕಳೆದುಕೊಂಡರೆ ಆ ಒಂದು ಗುರುತೂ ಇಲ್ಲವಾಗುವುದು. ಕೋಟೆಯ ಕಲ್ಲಿನ ಕೋಣಗಳಂತೆ, ಬದಿಯಲ್ಲಿರುವುದನ್ನು ನೋಡಬಲ್ಲ ಕಣ್ಣು ನಮಗೆ ಬೇಕು.

ಮಾಡತಕ್ಕ ಕೆಲಸ ದೊಡ್ಡದೇನೂ ಅಲ್ಲ. ಮನೆಯಲ್ಲಿ ಹಳೆಯ ಕಟ್ಟುಗಳಿದ್ದರೆ ಒದ್ದೆಯಿಲ್ಲದ ಸ್ಥಳದಲ್ಲಿ ಬಟ್ಟೆಯಲ್ಲಿ ಸುತ್ತಿಡಿರಿ; ಹರಿದುದಕ್ಕೆ ಅಂಟುಪಟ್ಟಿ ಹಚ್ಚಬೇಡಿರಿ; ಕಟ್ಟಿನ ಕ್ರಮವನ್ನು ಕೆಡಿಸಬೇಡಿರಿ, ಏಕೆಂದರೆ ಆ ಕ್ರಮವೂ ಒಂದು ಸಾಕ್ಷಿಯೇ. ಪುಟಪುಟದ ಛಾಯಾಚಿತ್ರವನ್ನು ತೆಗೆದು ರಾಜ್ಯ ಪತ್ರಾಗಾರಕ್ಕೋ ವಿಶ್ವವಿದ್ಯಾಲಯಕ್ಕೋ ತಿಳಿಸಿರಿ. ಎಲ್ಲಕ್ಕಿಂತ ಮೊದಲು, ಮೋಡಿಯನ್ನೋ ಪಾರ್ಸಿಯನ್ನೋ ಬಲ್ಲ ವೃದ್ಧರು ಊರಿನಲ್ಲಿದ್ದರೆ ಅವರ ಮುಂದೆ ಕಟ್ಟನ್ನು ಬಿಚ್ಚಿರಿ. ಕಾಗದವು ಇನ್ನೂ ಕೆಲವು ವರ್ಷ ಕಾಯಬಹುದು. ಆ ಹಿರಿಯರು ಕಾಯಲಾರರು.