ನಿಮಗಿದು ಗೊತ್ತೇ? ಸ್ಲಿದರಿನ್‌ನಿಂದ ಕಿಷ್ಕಿಂಧೆಗೆ ಒಂದೇ ನೆಗೆತ!

ಹ್ಯಾರಿ ಪಾಟರ್ ಓದಿದ ಯಾವ ಮಕ್ಕಳನ್ನಾದರೂ ಕೇಳಿ ನೋಡಿ. ಹಾಗ್ವಾರ್ಟ್ಸ್ ಶಾಲೆಯ ನಾಲ್ಕು ಹೌಸ್‌ಗಳಲ್ಲಿ ಕೆಟ್ಟದ್ದು ಯಾವುದು? ಥಟ್ಟನೆ ಉತ್ತರ ಬರುತ್ತದೆ: ಸ್ಲಿದರಿನ್! ಹಸಿರು ಬಾವುಟ, ಅದರ ಮೇಲೊಂದು ಹಾವು. ಖಳನಾಯಕ ವೊಲ್ಡೆಮಾರ್ಟ್ ಓದಿದ್ದೂ ಅಲ್ಲೇ. ಇನ್ನೇನು, ತೀರ್ಪು ಕೊಟ್ಟಾಯಿತು ಅಂದುಕೊಂಡಿರಾ? ಸ್ವಲ್ಪ ತಡೀರಿ!

ಕೆಟ್ಟುಹೋದ ಮಾಂತ್ರಿಕರೆಲ್ಲ ಸ್ಲಿದರಿನ್‌ನವರೇ ಎಂದು ಹ್ಯಾರಿಯ ಗೆಳೆಯ ಹ್ಯಾಗ್ರಿಡ್ ಮೊದಲ ಪುಸ್ತಕದಲ್ಲೇ ಹ್ಯಾರಿಗೆ ಹೇಳಿಬಿಡುತ್ತಾನೆ. ಆದರೆ ಹ್ಯಾರಿಯ ಅಪ್ಪ ಅಮ್ಮನನ್ನು ವೈರಿಗೆ ಹಿಡಿದುಕೊಟ್ಟ ಪೀಟರ್ ಪೆಟಿಗ್ರೂ ಯಾವ ಹೌಸ್‌ನವನು ಗೊತ್ತೇ? ಗ್ರಿಫಿಂಡರ್! ಅಂದರೆ ಹೀರೋ ಇದ್ದ ಹೌಸ್!

ಮಾಂತ್ರಿಕರಲ್ಲೇ ಹೆಸರಾಂತ ಮಾಂತ್ರಿಕ ಮರ್ಲಿನ್ ಇದ್ದಾನಲ್ಲ, ಅವನೂ ಸ್ಲಿದರಿನ್‌ನವನಂತೆ! ಇದನ್ನು ಲೇಖಕಿ ರೌಲಿಂಗ್ ಕಡೆಯಿಂದಲೇ ಆಮೇಲೆ ಬಂದ ಬರಹಗಳು ಹೇಳಿವೆ.

ಇನ್ನೊಂದು ಲೆಕ್ಕ ನೋಡಿ. ಹ್ಯಾರಿಯ ಮೊದಲ ವರ್ಷದ ಕೊನೆಯ ಊಟದ ಹೊತ್ತಿಗೆ ಹೌಸ್‌ಗಳ ಪೈಪೋಟಿಯಲ್ಲಿ ಸ್ಲಿದರಿನ್ 472 ಅಂಕ, ಗ್ರಿಫಿಂಡರ್ 312. ಗೋಡೆ ತುಂಬ ಹಸಿರು ಬಾವುಟ ಏರಿಸಿಯೂ ಆಗಿತ್ತು. ಆಗ ಹೆಡ್‌ಮಾಸ್ಟರ್ ಎದ್ದು ನಿಂತರು. ಗ್ರಿಫಿಂಡರ್ ಮಕ್ಕಳಲ್ಲಿ ರಾನ್‌ಗೆ 50, ಹರ್ಮಾಯಿನಿಗೆ 50, ಹ್ಯಾರಿಗೆ 60, ನೆವಿಲ್‌ಗೆ 10 ಎಂದು ಹಂಚಿದರು. ಗ್ರಿಫಿಂಡರ್ ಒಟ್ಟು 482! ವರ್ಷವಿಡೀ ಗಳಿಸಿದ್ದು ಕೆಲವೇ ನಿಮಿಷಗಳಲ್ಲಿ ಕೈಬಿಟ್ಟಿತು. ನೀವೇ ಹೇಳಿ, ಆ ರಾತ್ರಿ ಅನ್ಯಾಯ ಆದದ್ದು ಯಾರಿಗೆ?

ನಮ್ಮ ನವೋದಯ ವಿದ್ಯಾಲಯಗಳಲ್ಲೂ ಹೌಸ್‌ಗಳು ನಾಲ್ಕೇ: ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಎಲ್ಲವೂ ಬೆಟ್ಟಗಳ ಹೆಸರು. ಬೆಟ್ಟವನ್ನು ಖಳನಾಯಕ ಮಾಡುವುದು ಕಷ್ಟ, ಜಾಣರು!

ಹಂಪಿಯ ಸಿಂಹಾಸನದ ಮನೆತನಗಳೂ ನಾಲ್ಕೇ ಎಂಬುದು ಇನ್ನೂ ಮಜಾ. ಸಂಗಮ, ಸಾಳುವ, ತುಳುವ, ಅರವೀಡು. 1485ರಲ್ಲಿ ಸಂಗಮರಿಂದ ಸಾಳುವರು ಕಿತ್ತುಕೊಂಡರು. 1505ರಲ್ಲಿ ಸಾಳುವರಿಂದ ತುಳುವರು ಕಿತ್ತುಕೊಂಡರು. ಹಾಗೆ ಕಿತ್ತುಕೊಂಡ ತುಳುವ ಮನೆಯಿಂದಲೇ 1509ರಲ್ಲಿ ಪಟ್ಟಕ್ಕೆ ಬಂದವನು ಕೃಷ್ಣದೇವರಾಯ!

ಈಗ ಅಸಲು ವಿಷಯಕ್ಕೆ ಬರೋಣ. ದರೋಜಿ, ಕಂಪ್ಲಿ, ಹೊಸಪೇಟೆ ಸೀಮೆಯಲ್ಲೇ ಒಂದು ಸ್ಲಿದರಿನ್ ಇದೆ. ಅದೂ ಸಾವಿರಾರು ವರ್ಷ ಹಳೆಯದು! ಹಂಪಿ-ಆನೆಗೊಂದಿಯ ಬಂಡೆಗಳ ನಾಡೇ ರಾಮಾಯಣದ ಕಿಷ್ಕಿಂಧೆ ಅನ್ನುತ್ತಾರಲ್ಲ, ಅಲ್ಲಿಯ ವಾಲಿಯ ಮನೆ. ತಮ್ಮನನ್ನು ಓಡಿಸಿದವನು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು, ಕೊನೆಗೆ ರಾಮನ ಬಾಣಕ್ಕೆ ಬಿದ್ದವನು. ಪಕ್ಕಾ ಖಳ ಅಲ್ಲವೇ?

ಹಾಗಾದರೆ ಇದನ್ನು ಕೇಳಿ. ಮಾಯಾವಿ ಎಂಬ ರಕ್ಕಸನ ಬೆನ್ನುಹತ್ತಿ ವಾಲಿ ಗುಹೆಗೆ ನುಗ್ಗಿದ. ತಮ್ಮ ಸುಗ್ರೀವ ಹೊರಗೆ ಒಂದು ವರ್ಷ ಕಾದ. ಗುಹೆಯಿಂದ ರಕ್ತ ಹರಿಯಿತು. ಅಣ್ಣ ಸತ್ತ ಅಂದುಕೊಂಡು ಗುಹೆಯ ಬಾಯಿಗೆ ಬಂಡೆ ಮುಚ್ಚಿ, ಊರಿಗೆ ಬಂದು ಪಟ್ಟಕ್ಕೇರಿದ. ಒಳಗೆ ಗೆದ್ದು ನಿಂತಿದ್ದ ಅಣ್ಣನ ಜಾಗದಲ್ಲಿ ನಿಂತು ನೋಡಿ. ಬಾಗಿಲಿಗೆ ಬಂಡೆ, ಸಿಂಹಾಸನದ ಮೇಲೆ ತಮ್ಮ!

ಹೆಂಡತಿಯ ವಿಷಯವೂ ಅಷ್ಟು ಸಲೀಸಲ್ಲ. ವಾಲಿ ಸುಗ್ರೀವನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದು ನಿಜ, ರಾಮ ಹೊರಿಸಿದ ದೊಡ್ಡ ಆರೋಪವೂ ಅದೇ. ಆದರೆ ವಾಲಿ ಸತ್ತ ಮೇಲೆ ಅವನ ಹೆಂಡತಿ ತಾರೆ ಯಾರ ಅಂತಃಪುರದಲ್ಲಿದ್ದಳು? ಸುಗ್ರೀವನ ಅಂತಃಪುರದಲ್ಲಿ!

ಆ ತಾರೆಯನ್ನು ನಾವು ಬೆಳಗ್ಗೆ ಎದ್ದು ನೆನೆಯಬೇಕಾದ ಪಂಚಕನ್ಯೆಯರ ಪಟ್ಟಿಗೆ ಸೇರಿಸಿದ್ದೇವೆ. ಅದೇ ಪಟ್ಟಿಯಲ್ಲಿ ಮಂಡೋದರಿಯೂ ಇದ್ದಾಳೆ. ಒಬ್ಬಳು ವಾಲಿಯ ಹೆಂಡತಿ, ಇನ್ನೊಬ್ಬಳು ರಾವಣನ ಹೆಂಡತಿ. ಐವರಲ್ಲಿ ಇಬ್ಬರು ‘ಖಳರ’ ಮನೆಯವರೇ!

ಇದಂತೂ ನನಗೆ ಬಲು ಇಷ್ಟ. ವಾಲಿ-ಸುಗ್ರೀವರ ಮೊದಲ ಕಾಳಗದಲ್ಲಿ ಸುಗ್ರೀವನ ಪರ ನಿಂತ ರಾಮ ಬಾಣವನ್ನೇ ಬಿಡಲಿಲ್ಲ. ಯಾಕೆ ಗೊತ್ತೇ? ಯಾರು ವಾಲಿ, ಯಾರು ಸುಗ್ರೀವ ಎಂದು ಗುರುತೇ ಸಿಗಲಿಲ್ಲ! ಎರಡನೆಯ ಸಲ ಸುಗ್ರೀವನ ಕೊರಳಿಗೆ ಹೂಬಳ್ಳಿ ಕಟ್ಟಿ ಕಳಿಸಬೇಕಾಯಿತು. ಒಳ್ಳೆಯವನಿಗೂ ಕೆಟ್ಟವನಿಗೂ ಕಣ್ಣಿಗೆ ಕಂಡ ವ್ಯತ್ಯಾಸ ಒಂದು ಹಾರ, ಅಷ್ಟೇ!

ರಾವಣನನ್ನೇ ಕಂಕುಳಲ್ಲಿ ಇರುಕಿಕೊಂಡು ನಾಲ್ಕೂ ಸಮುದ್ರ ಸುತ್ತಿ ಸಂಧ್ಯಾವಂದನೆ ಮುಗಿಸಿ ಬಂದವನು ಈ ವಾಲಿ. ಅಷ್ಟು ಹೊತ್ತೂ ರಾವಣ ಕಂಕುಳಲ್ಲೇ!

ಅಷ್ಟು ಬಲಶಾಲಿಗೂ ಕಾಲಿಡಲಾಗದ ಒಂದು ಜಾಗ ಇತ್ತು. ಕೋಣದ ರೂಪದ ದುಂದುಭಿಯನ್ನು ಕೊಂದು ವಾಲಿ ಬೀಸಿ ಎಸೆದ. ಅದರ ರಕ್ತ ಮತಂಗ ಋಷಿಯ ಆಶ್ರಮದ ಮೇಲೆ ಸಿಡಿಯಿತು. ಬಿತ್ತು ಶಾಪ! ಸುಗ್ರೀವ ನೆಮ್ಮದಿಯಾಗಿ ಅಡಗಿದ್ದೇ ಆ ಆಶ್ರಮದ ಬೆಟ್ಟದಲ್ಲಿ. ಇವತ್ತು ಹಂಪಿಯಲ್ಲಿ ಸೂರ್ಯೋದಯ ನೋಡಲು ನೀವು ಏದುಸಿರು ಬಿಟ್ಟು ಹತ್ತುವ ಬೆಟ್ಟದ ಹೆಸರು ಮತಂಗ ಪರ್ವತ!

ಕನ್ನಡದ ಜೈನ ಕವಿ ನಾಗಚಂದ್ರನ ರಾಮಾಯಣಕ್ಕೆ ಬಂದರೆ ತಲೆ ತಿರುಗುತ್ತದೆ. ಸುಮಾರು ಒಂಬತ್ತು ಶತಮಾನಗಳ ಹಿಂದಿನ ಕಾವ್ಯ. ಜೈನ ರಾಮಾಯಣಗಳಲ್ಲಿ ವಾನರರು ಕೋತಿಗಳೇ ಅಲ್ಲ! ಬಾವುಟದ ಮೇಲೆ ಕಪಿಯ ಗುರುತು ಇದ್ದ ವಿದ್ಯಾಧರರ ಒಂದು ವಂಶ. ಹಾವಿನ ಗುರುತಿನ ಹೌಸ್ ಇದ್ದ ಹಾಗೆ ಕಪಿಯ ಗುರುತಿನ ಹೌಸ್!

ಅಲ್ಲಿ ವಾಲಿ ಖಳನೂ ಅಲ್ಲ. ರಾಜ್ಯ ಬಿಟ್ಟು ದೀಕ್ಷೆ ಪಡೆದ ಮುನಿ! ರಾವಣನಿಗೆ ಹತ್ತು ತಲೆಯೂ ಇಲ್ಲ. ಕೊರಳ ರತ್ನಹಾರದಲ್ಲಿ ಮುಖದ ಒಂಬತ್ತು ಪ್ರತಿಬಿಂಬ ಕಂಡವಂತೆ, ಅದಕ್ಕೇ ದಶಮುಖ. ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ!

ಕುವೆಂಪು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ರಾಮಾಯಣದಲ್ಲಿ ಮರೆಯಿಂದ ವಾಲಿಯನ್ನು ಕೊಂದದ್ದಕ್ಕೆ ರಾಮನೇ ಪಶ್ಚಾತ್ತಾಪ ಪಡುತ್ತಾನೆ. ಆ ಕಾವ್ಯಕ್ಕೇ 1967ರ ಜ್ಞಾನಪೀಠ!

ಕರಾವಳಿ, ಕಾಸರಗೋಡು ಕಡೆ ತಾಳಮದ್ದಳೆಗೆ ಹೋಗಿದ್ದೀರಾ? ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಬರೆದುಕೊಟ್ಟ ನೆಲ ಅದು. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಎದೆಗೆ ಬಾಣ ನಾಟಿದ ವಾಲಿ ರಾಮನನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾನೆ, ಸಾಯುವುದನ್ನೇ ಮರೆತವನಂತೆ! ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಎಂದರೆ ಜನ ಕಿವಿಯಾಗಿ ಕೂರುತ್ತಿದ್ದರು. ಅಲ್ಲಿ ಬೆವರುವ ಪಾಳಿ ರಾಮನ ಪಾತ್ರಧಾರಿಯದು!

ಪ್ರಾಣಿಗಳ ಹಣೆಬರಹವೂ ಹೀಗೇ. ಕಿಪ್ಲಿಂಗ್‌ನ 1894ರ ಜಂಗಲ್ ಬುಕ್‌ನಲ್ಲಿ ಕಾ ಎಂಬ ಹೆಬ್ಬಾವು ಮೊಗ್ಲಿಯ ಪ್ರಾಣ ಉಳಿಸುತ್ತದೆ. ಯಾರಿಂದ? ಅವನನ್ನು ಹೊತ್ತೊಯ್ದ ಕೋತಿಗಳಿಂದ! 1967ರ ಡಿಸ್ನಿ ಸಿನಿಮಾ ಬಂದದ್ದೇ ತಡ, ಅದೇ ಹಾವು ಖಳ. ಒಂದು ಕಥೆಯ ದೇವರು ಇನ್ನೊಂದು ಕಥೆಯಲ್ಲಿ ಕಳ್ಳ. ನಾವೋ, ನಾಗರಪಂಚಮಿಗೆ ಹಾಲು ಹಿಡಿದು ಹಾವಿನ ಕಲ್ಲು ಹುಡುಕುವವರು! ನಮ್ಮೂರ ಅಜ್ಜಿಯರು ಹೌಸ್ ಆರಿಸಿದ್ದರೆ ಸ್ಲಿದರಿನ್‌ಗೆ ಎಷ್ಟು ಮಂದಿ ನುಗ್ಗುತ್ತಿದ್ದರೋ!

ಕಿಷ್ಕಿಂಧೆಯ ಪಾಳೆಯದಲ್ಲಿ ಕರಡಿಯೂ ಇತ್ತಲ್ಲ, ಜಾಂಬವಂತ! ಬ್ರಹ್ಮ ಆಕಳಿಸಿದಾಗ ಬಾಯಿಂದ ಹುಟ್ಟಿದವನಂತೆ. ಅವನ ಕುಲದವರನ್ನು ನೋಡಬೇಕೇ? ದರೋಜಿಗೆ ಬನ್ನಿ! 1994ರಲ್ಲಿ ಘೋಷಣೆಯಾದ ಕರಡಿಧಾಮ ಇಲ್ಲಿದೆ. ಸಂಜೆ ಮುಂದೆ ಕರಡಿಗಳು ಬಂಡೆಗೆ ಬಳಿದ ಬೆಲ್ಲದ ಪಾಕ ನೆಕ್ಕಲು ಇಳಿದುಬರುತ್ತವೆ.

ಈ ಕರಡಿಗೂ ಅಪವಾದ ತಪ್ಪಿಲ್ಲ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ವಿಜ್ಞಾನಿ ಇದರ ಉದ್ದ ಉಗುರು ನೋಡಿ, ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ಜೋತುಬೀಳುವ ಸೋಮಾರಿ ಪ್ರಾಣಿಯ ಬಳಗಕ್ಕೆ ಸೇರಿಸಿಬಿಟ್ಟ! ಇಂಗ್ಲಿಷಿನಲ್ಲಿ ಆ ಸೋಮಾರಿಯ ಹೆಸರು ಇವತ್ತಿಗೂ ಅಂಟಿಕೊಂಡಿದೆ. ಸೋಮಾರಿಯೇ? ಮರಿಗಳನ್ನು ಬೆನ್ನ ಮೇಲೆ ಹೊತ್ತು ರಾತ್ರಿಯಿಡೀ ಗೆದ್ದಲ ಹುತ್ತ ಅಗೆಯುವ ತಾಯಿ ಕರಡಿಯನ್ನು ಕೇಳಬೇಕು!

ಮತ್ತೆ ವಾಲಿಗೆ ಬರೋಣ. ಆನೆಗೊಂದಿಯವರು ಅವನ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಅಲ್ಲಿಯ ದುರ್ಗಾದೇವಿ ಗುಡಿ ಇರುವ ಜಾಗ ಇವತ್ತಿಗೂ ವಾಲಿಕಿಲ್ಲಾ! ಖಳನ ಕೋಟೆಯಲ್ಲಿ ದೇವಿ ನೆಲೆಸಿದ್ದಾಳೆ, ಭಕ್ತರಿಗೆ ಯಾವ ಅಡ್ಡಿಯೂ ಇಲ್ಲ.

ಅವನನ್ನು ಸುಟ್ಟ ಜಾಗವನ್ನೂ ಜನ ತೋರಿಸುತ್ತಾರೆ. ಹಂಪಿ ಬಳಿಯ ನಿಂಬಾಪುರದಲ್ಲಿ ಬೂದಿಯ ದಿಬ್ಬ ಇದೆ. ವಾಲಿಯ ಚಿತಾಭಸ್ಮ ಅದೇ ಎಂಬುದು ನಂಬಿಕೆ. ಇಂಥದ್ದೇ ದಿಬ್ಬ ದರೋಜಿಯಿಂದ ಬಳ್ಳಾರಿ ಕಡೆ ಹೋಗುವಾಗ ಸಿಗುವ ಕುಡತಿನಿಯಲ್ಲೂ ಇದೆ. ಹಾಗಾದರೆ ಇಷ್ಟು ಬೂದಿ ಬಂದದ್ದೆಲ್ಲಿಂದ?

1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞ ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಇಂಥ ದಿಬ್ಬವೊಂದನ್ನು ಅಗೆಸಿದರು. ಒಳಗೆ ಸಿಕ್ಕಿದ್ದು ದನಗಳ ಗೊರಸಿನ ಗುರುತು! ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನ ಕಾಯುತ್ತಿದ್ದವರ ದೊಡ್ಡಿಗಳವು. ರಾಶಿ ಬಿದ್ದ ಸಗಣಿಗೆ ಅವರು ಮತ್ತೆ ಮತ್ತೆ ಬೆಂಕಿ ಹಚ್ಚಿದ್ದರು. ವಾಲಿಯ ತಲೆಗೆ ಕಟ್ಟಿದ ಬೂದಿಯೆಲ್ಲ ಸಗಣಿಯ ಬೂದಿ!